ಹಾಸನದ ಆಸ್ಪತ್ರೆಯೊಂದರಲ್ಲಿ ನಮ್ಮ ಸಂಜೆ ರೇಡಿಯೋ

ಆಸ್ಪತ್ರೆಯಲ್ಲಿ ಮಲಗಿದವರಿಗೆ ಸಂಜೆ ಹೊತ್ತು ಕಳೆಯೋದೇ ಕಷ್ಟ. ಬೆಳಿಗ್ಗೆ ಡಾಕ್ಟರ್ ರೌಂಡ್ಸ್, ಇಂಜೆಕ್ಷನ್, ಸ್ಕ್ಯಾನಿಂಗ್ ಅಂತ ಹೇಗೋ ಸಾಗುತ್ತದೆ. ನೋಡಲು ಬಂದವರು ಕೊನೆ ಬಸ್ಸಿಗೆಂದು ಎದ್ದು ಹೋದ ಮೇಲೆ ವಾರ್ಡು ಬಿಕೋ ಅನ್ನುತ್ತದೆ. ಆ ಹೊತ್ತಿಗೆಂದೇ ನಾವು ಕೆಲವರು ಸೇರಿ ಹಾಸನದ ಆಸ್ಪತ್ರೆಯೊಂದರಲ್ಲಿ ರೇಡಿಯೋ ನಡೆಸುತ್ತಿದ್ದೇವೆ. ಯಾರಿಗೂ ಸಂಬಳವಿಲ್ಲ, ಜಾಹೀರಾತೂ ಇಲ್ಲ.

ರೇಡಿಯೋ ಅಂದರೂ ನಮ್ಮದು ವೈರಿನಲ್ಲಿ ಹೋಗುವ ರೇಡಿಯೋ. ಎಫ್‌ಎಂ ಪ್ರಸಾರಕ್ಕೆ, ಎಷ್ಟೇ ಸಣ್ಣ ಟ್ರಾನ್ಸ್‌ಮಿಟರ್ ಆದರೂ, ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೋದವರು ಲೈಸೆನ್ಸ್ ಸಿಗದ ಕಾಲದಲ್ಲಿ ಕೇಬಲ್ ಮೂಲಕವೇ ಮನೆಗಳಿಗೆ ಕಾರ್ಯಕ್ರಮ ಮುಟ್ಟಿಸಿದ್ದರು. ಅದನ್ನು ಕೇಳಿ ನಮಗೂ ಧೈರ್ಯ ಬಂತು.

ಮದುವೆಗಳಿಗೆ ಮೈಕ್ ಸೆಟ್ ಹಾಕುವ ಹುಡುಗ ಒಬ್ಬ ಬಂದು ನೋಡಿದ. “ಮನೆ ಸ್ಪೀಕರ್ ಹಾಕಿದ್ರೆ ಕೊನೆ ವಾರ್ಡಿಗೆ ಹೋಗೋಷ್ಟರಲ್ಲಿ ಸೌಂಡೇ ಇರಲ್ಲ ಸಾರ್, 100 ವೋಲ್ಟ್ ಲೈನ್ ಹಾಕ್ಸಿ” ಅಂದ. ಇದರಲ್ಲಿ ಪ್ರತಿ ಸ್ಪೀಕರಿಗೂ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ವೋಲ್ಟೇಜ್ ಜಾಸ್ತಿ, ಕರೆಂಟ್ ಕಡಿಮೆ. ಹಾಗಾಗಿ ತೆಳು ವೈರಿನಲ್ಲೂ ಸದ್ದು ದೂರದವರೆಗೆ ಕುಗ್ಗದೆ ಹೋಗುತ್ತದೆ. ಪ್ರತಿ ವಾರ್ಡಿನ ವಾಲ್ಯೂಮ್ ತಿರುಪು ಸಿಸ್ಟರ್ ಟೇಬಲ್ ಪಕ್ಕದಲ್ಲೇ ಇದೆ. ಯಾರಿಗಾದರೂ ಸೀರಿಯಸ್ ಆದರೆ ಅವರು ತಕ್ಷಣ ಬಂದ್ ಮಾಡುತ್ತಾರೆ, ನಮ್ಮನ್ನು ಕೇಳಬೇಕಿಲ್ಲ. ಐಸಿಯು, ಹೆರಿಗೆ ವಾರ್ಡು, ಆಪರೇಷನ್ ಆದವರ ವಾರ್ಡಿಗೆ ಲೈನನ್ನೇ ಎಳೆದಿಲ್ಲ. ಆಸ್ಪತ್ರೆ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಹಗಲು 50, ರಾತ್ರಿ 40 ಡೆಸಿಬೆಲ್ ಮಿತಿ. ಹೊರಗಿನವರಿಗೆ ಅಷ್ಟು ಕಟ್ಟುನಿಟ್ಟು ಇರುವಾಗ ಒಳಗೆ ನಾವೇ ಗದ್ದಲ ಮಾಡುವುದು ಸರಿಯಲ್ಲ, ಅಲ್ವಾ? ಪಕ್ಕದ ಮಂಚದವರು ಮಾತಾಡಲು ದನಿ ಏರಿಸಬೇಕಾಗಿ ಬಂದರೆ ಸೌಂಡ್ ಜಾಸ್ತಿಯಾಗಿದೆ ಎಂದೇ ಅರ್ಥ.

ಇಷ್ಟೆಲ್ಲ ಒಂದು ಸಲದ ಕೆಲಸ. ದಿನಾ ಮಾಡಬೇಕಾದದ್ದು ನೋಟ್‌ಬುಕ್ ಹಿಡಿದು ವಾರ್ಡು ಸುತ್ತುವುದು. ಕೈ ತೊಳೆದು ಒಳಗೆ ಹೋಗಬೇಕು, ಮಂಚದ ಮೇಲೆ ಕೂರಬಾರದು, “ಏನಾಗಿದೆ?” ಅಂತ ಕೇಳಬಾರದು. “ಯಾವ ಊರು?” ಅಂದರೆ ಸಾಕು, ಮಾತು ತಾನಾಗಿ ಬರುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ ಈ ಸುತ್ತಾಟಕ್ಕೇ ರೇಡಿಯೋದ ಮುಕ್ಕಾಲು ಪಾಲು ಬೆಲೆ. ಎಷ್ಟೋ ಜನರಿಗೆ ಇಡೀ ದಿನದಲ್ಲಿ ಕಾಯಿಲೆ ಬಿಟ್ಟು ಬೇರೆ ವಿಷಯ ಮಾತಾಡಿಸುವವರು ನಾವೊಬ್ಬರೇ.

ಮಳೆಗಾಲದಲ್ಲಿ ಹೊಳೆನರಸೀಪುರ ಕಡೆಯ ಯಜಮಾನರೊಬ್ಬರು ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದರು. ಯಾವ ಪದ ಹಾಕಲಿ ಅಂದರೆ, “ಹಾಡು ಗೀಡು ಬ್ಯಾಡ ಕಣಪ್ಪ, ಗೊರೂರು ಡ್ಯಾಂ ಎಷ್ಟಡಿ ಆಯ್ತು ಹೇಳು” ಅಂದರು. ಅಂದು ಸಂಜೆ ನೀರಿನ ಮಟ್ಟ ಓದಿದೆವು. ಡ್ಯಾಂ ತುಂಬಲು ಸಮುದ್ರ ಮಟ್ಟದಿಂದ 2922 ಅಡಿ ಆಗಬೇಕು ಅನ್ನುವುದು ಆ ವಾರ್ಡಿನ ಅರ್ಧ ಜನಕ್ಕೆ ಬಾಯಿಪಾಠ. ಇನ್ನೆಷ್ಟು ಅಡಿ ಬಾಕಿ ಅಂತ ಮಂಚದಿಂದ ಮಂಚಕ್ಕೆ ಲೆಕ್ಕ ಶುರುವಾಯಿತು. ಅಂದಿನಿಂದ ಡ್ಯಾಂ ಮಟ್ಟ, ಎಪಿಎಂಸಿಯ ಆಲೂಗಡ್ಡೆ ರೇಟು, 60 ಕೆಜಿ ಶುಂಠಿ ಮೂಟೆಯ ರೇಟು, ಸಕಲೇಶಪುರದವರಿಗೆ ಶಿರಾಡಿ ಘಾಟಿನ ಸುದ್ದಿ ಎಲ್ಲ ಖಾಯಂ ಆಗಿವೆ. ಮಲಗಿದ್ದರೂ ಅವರ ಮನಸ್ಸು ಹೊಲದಲ್ಲೇ ಇರುತ್ತದೆ.

ಸಿನಿಮಾ ಹಾಡನ್ನು ಹೀಗೆ ಎಲ್ಲರಿಗೂ ಕೇಳುವಂತೆ ಹಾಕಲು ಹಕ್ಕುದಾರರ ಲೈಸೆನ್ಸ್ ಬೇಕು. ಅದಕ್ಕೆ ದುಡ್ಡು ಹೊಂದಿಸುವ ಬದಲು ಜನಪದದ ಹಳೇ ಪದಗಳನ್ನು ನಾವೇ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಹೆಂಗಸರ ವಾರ್ಡಿನಲ್ಲಿ ಹಾಡುವವರಿಗೆ ಬರವಿಲ್ಲ. ಅರಕಲಗೂಡು ಕಡೆಯ ಅಜ್ಜಿಯೊಬ್ಬರು ಮೊದಲು “ಅಯ್ಯೋ, ಈ ದನೀಲಿ ಏನ್ ಹಾಡ್ಲಿ ಮಗಾ” ಅಂದರು. ಮೊಬೈಲ್ ಹತ್ತಿರ ಹಿಡಿದೆ. ಬೀಸುವ ಪದ ಶುರುಮಾಡಿದ್ದೇ ತಡ, ಸೂಜಿ ಚುಚ್ಚಿರದ ಬಲಗೈ ಹೊದಿಕೆಯ ಮೇಲೆ ಗುಂಡಗೆ ತಿರುಗತೊಡಗಿತು, ಎದುರಿಗೆ ಬೀಸುವ ಕಲ್ಲು ಇದ್ದಂತೆ. ಮುಂದಿನ ಸೊಲ್ಲನ್ನು ಎದುರು ಮಂಚದ ಹೆಂಗಸು ಎತ್ತಿಕೊಂಡರು. ಸಂಜೆ ಅದನ್ನೇ ಹಾಕಿದೆವು. ಅಜ್ಜಿಯ ಸೊಸೆ ಬಾಗಿಲ ಬಳಿ ನಿಂತು, “ಇದು ನಮ್ಮತ್ತೆ” ಅಂತ ಎಲ್ಲರಿಗೂ ಹೇಳುತ್ತಿದ್ದರು.

ಹೆಸರು ಹೇಳಬೇಕಾದರೆ ಅವರ ಒಪ್ಪಿಗೆ ಪಡೆಯುತ್ತೇವೆ. ಕಾಯಿಲೆ, ಬೆಡ್ ನಂಬರ್ ಎಂದೂ ಹೇಳುವುದಿಲ್ಲ. ಔಷಧಿಯ ಸಲಹೆಯಂತೂ ಇಲ್ಲವೇ ಇಲ್ಲ, ಅದು ಡಾಕ್ಟರ ಕೆಲಸ. ಆದರೆ ಆರೋಗ್ಯ ಕರ್ನಾಟಕ ಕಾರ್ಡಿನ ಮಾಹಿತಿ ದಿನಾ ಓದುತ್ತೇವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಲ್ಲಿ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಊರಲ್ಲೇ ಬಿಟ್ಟು ಬಂದವರು ಇದನ್ನು ಕೇಳಿ ಮನೆಗೆ ಫೋನ್ ಮಾಡಿದ್ದನ್ನು ನೋಡಿದ್ದೇನೆ.

ಸೇರಬೇಕು ಅಂತ ಬರುವ ಕಾಲೇಜು ಹುಡುಗ ಹುಡುಗಿಯರಿಗೆ ಮೈಕ್ ಮೇಲೇ ಕಣ್ಣು. ನಾವು ಮೊದಲು ಕೊಡುವುದು ನೋಟ್‌ಬುಕ್. ವಾರ್ಡು ಸುತ್ತಿ ನಾಲ್ಕು ಜನರ ಮಾತು ಕೇಳಿ ಬಂದವರು ಮೈಕ್ ಮುಂದೆ ತಾವಾಗಿಯೇ ನಿಧಾನವಾಗಿ ಮಾತಾಡುತ್ತಾರೆ.