ವೀಡ್ ಕಟರ್‌ಗೆ ಬೇರೆ ಕಂಪನಿ ಪ್ಲಗ್ ಆರಿಸುವುದು ಹೇಗೆ?

ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲು ಮುಟ್ಟುವ ಹೊತ್ತಿಗೇ ವೀಡ್ ಕಟರ್ ಕೈಕೊಡುತ್ತದೆ. ಇಂಜಿನ್ನಿನೊಳಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಹೋಗಿರುತ್ತದೆ, ಅದೇ ಕಂಪನಿಯದು ಪೇಟೆಯಲ್ಲಿಲ್ಲ. 'ಇದೂ ಅದೇ ಸೈಜು' ಎಂಬ ಮಾತು ನಂಬಿ ಪಕ್ಕದ ತೋಟದವರು ಕಾರಿನ ಪ್ಲಗ್ ಹಾಕಿದ್ದರು. ಹಗ್ಗ ಎಳೆದ ಕೂಡಲೇ ಟಕ್ ಅಂತ ನಿಂತಿತು. ಬಿಚ್ಚಿದರೆ ಪ್ಲಗ್ಗಿನ ತುದಿ ಮಡಚಿತ್ತು, ಪಿಸ್ಟನ್ ತಲೆ ಮೇಲೆ ಗುಳಿ ಬಿದ್ದಿತ್ತು.

ಇಂಜಿನ್ ತಣ್ಣಗಾದ ಮೇಲೆ ಸುತ್ತಲಿನ ಮಣ್ಣು ಒರೆಸಿ ಪ್ಲಗ್ ಬಿಚ್ಚಿ.

ಮೊದಲು ಥ್ರೆಡ್ ಅಳೆಯಿರಿ. ದಪ್ಪ ಮಾತ್ರ ನೋಡಿದರೆ ಸಾಲದು. ವಾಷರ್ ಕೂರುವ ಜಾಗದಿಂದ ಥ್ರೆಡ್ ಮುಗಿಯುವವರೆಗಿನ ಉದ್ದವೇ ಮುಖ್ಯ, ಅದು ಹೆಚ್ಚಾದರೆ ತುದಿ ಪಿಸ್ಟನ್‌ಗೆ ಬಡಿಯುತ್ತದೆ. 14 ಮಿ.ಮೀ. ದಪ್ಪದ ಪ್ಲಗ್ಗುಗಳಲ್ಲೇ 9.5, 12.7, 19 ಮಿ.ಮೀ. ಉದ್ದದವು ಇವೆ. ಉದ್ದ ಪ್ಲಗ್ಗಿಗೆ ಎರಡು ವಾಷರ್ ಹಾಕಿ ಹೊಂದಿಸುವ ಉಪಾಯ ದಯವಿಟ್ಟು ಬೇಡ.

ಆಮೇಲೆ ಪ್ಲಗ್ ಮೇಲೆ ಬರೆದಿರುವ ನಂಬರ್. ಜಾಸ್ತಿ ಜನ ಎಡವುವುದು ಇಲ್ಲೇ. ಉದಾಹರಣೆಗೆ ಎನ್‌ಜಿಕೆ ಕಂಪನಿಯ ಬಿಪಿಎಂಆರ್7ಎ ಪ್ಲಗ್ ನೋಡಿ. 'ಬಿ' ಅಂದರೆ 14 ಮಿ.ಮೀ. ಥ್ರೆಡ್. 'ಪಿ' ಅಂದರೆ ತುದಿ ಮುಂದಕ್ಕೆ ಚಾಚಿದೆ. 'ಎಂ' ಅಂದರೆ ಗಿಡ್ಡ ಮೈ. 'ಆರ್' ಅಂದರೆ ಒಳಗೆ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಭಾಗ) ಇದೆ. ಹಳೆಯದರಲ್ಲಿ ಅದಿದ್ದರೆ ಹೊಸದರಲ್ಲೂ ಇರಲೇಬೇಕು. 7 ಎಂಬುದು ಪ್ಲಗ್ ಎಷ್ಟು ಬೇಗ ಶಾಖ ಬಿಟ್ಟುಕೊಡುತ್ತದೆ ಎಂಬ ಲೆಕ್ಕ.

ಈ ಲೆಕ್ಕ ಕಂಪನಿಯಿಂದ ಕಂಪನಿಗೆ ಉಲ್ಟಾ ಆಗುತ್ತದೆ. ಎನ್‌ಜಿಕೆ, ಡೆನ್ಸೋದಲ್ಲಿ ಅಂಕಿ ಏರಿದಂತೆ ಪ್ಲಗ್ ತಂಪು, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ಬಾಷ್, ಚಾಂಪಿಯನ್‌ನಲ್ಲಿ ಅಂಕಿ ಏರಿದಂತೆ ಬಿಸಿ, ಅಂದರೆ ನಿಧಾನವಾಗಿ ಬಿಟ್ಟುಕೊಡುತ್ತದೆ. ನೀರೆತ್ತುವ ಪಂಪಿನ ಹೋಂಡಾ ಜಿಎಕ್ಸ್160 ಇಂಜಿನ್ನನ್ನೇ ನೋಡಿ. ಎನ್‌ಜಿಕೆ ಬಿಪಿಆರ್6ಇಎಸ್ ಇರುವ ಜಾಗಕ್ಕೆ ಡೆನ್ಸೋ ಡಬ್ಲ್ಯು20ಇಪಿಆರ್-ಯು, ಬಾಷ್ ಡಬ್ಲ್ಯುಆರ್7ಡಿಸಿ, ಚಾಂಪಿಯನ್ ಆರ್‌ಎನ್9ವೈಸಿ ಕೂರುತ್ತವೆ. ಕೆಲಸ ಒಂದೇ, ಅಂಕಿ ಮಾತ್ರ 6, 20, 7, 9! ಹಾಗಾಗಿ ಅಂಕಿಗೆ ಅಂಕಿ ಹೊಂದಿಸಬೇಡಿ, ಕಂಪನಿಯ ಹೋಲಿಕೆ ಪಟ್ಟಿಯನ್ನೇ ನೋಡಿ. ತೀರಾ ಬಿಸಿ ಪ್ಲಗ್ ಹಾಕಿದರೆ ಪಿಸ್ಟನ್ ಕರಗಬಹುದು. ತೀರಾ ತಂಪಿನದು ಮಸಿ ಹಿಡಿದು ಸ್ಟಾರ್ಟೇ ಆಗುವುದಿಲ್ಲ.

ತುದಿಗೆ ಇರಿಡಿಯಂ ಲೋಹ ಹಾಕಿದ ಪ್ಲಗ್ಗಿಗೆ ಸುಮ್ನೆ ದುಡ್ಡು ಹಾಕಬೇಡಿ, ಹುಲ್ಲು ಕೊಚ್ಚಲು ಮಾಮೂಲಿಯದೇ ಸಾಕು. ಅಕ್ಷರ ಮಸುಕಾಗಿ, ಥ್ರೆಡ್ ತರಿತರಿಯಾಗಿದ್ದರೆ ಅದು ಡೂಪ್ಲಿಕೇಟ್ ಇರಬಹುದು, ವಾಪಸ್ ಕೊಡಿ.

ಪ್ಲಗ್ಗಿನ ನಡುವಿನ ತುದಿಗೂ ಹೊರಗಿನ ಕೊಕ್ಕೆಗೂ ಇರುವ ಗ್ಯಾಪನ್ನು ಫೀಲರ್ ಗೇಜಿನಲ್ಲೇ (ಸಂದು ಅಳೆಯುವ ತೆಳು ಪಟ್ಟಿಗಳು) ನೋಡಿ. ಅನೇಕ ವೀಡ್ ಕಟರ್‌ಗಳಿಗೆ 0.5 ಮಿ.ಮೀ., ಜಿಎಕ್ಸ್160ಗೆ 0.7ರಿಂದ 0.8. ಬಗ್ಗಿಸುವುದಾದರೆ ಹೊರಗಿನ ಕೊಕ್ಕೆಯನ್ನು ಮಾತ್ರ.

ಕೂರಿಸುವಾಗ ಮೊದಲು ಬೆರಳಲ್ಲೇ ಕೊನೆವರೆಗೆ ತಿರುಗಿಸಿ. ಬಿಗಿಯಾದರೆ ಬಿಚ್ಚಿ ಮತ್ತೆ ನೇರವಾಗಿ ಹಿಡಿಯಿರಿ, ಅಲ್ಯೂಮಿನಿಯಂ ಥ್ರೆಡ್ ಬೇಗ ಸವೆಯುತ್ತದೆ. ವಾಷರ್ ಕೂತ ಮೇಲೆ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು. ಸರಿಹೊಂದಿದ ನಂಬರನ್ನು ಮಷಿನ್ ನೇತುಹಾಕುವ ಗೋಡೆ ಮೇಲೆ ಬರೆದಿಡಿ.