ಗುಂಡಿಗೆಯ ಎರಡು ಗೋಡೆ

ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡಲು ಶುರು ಮಾಡಿ ಹದಿನೇಳು ವರ್ಷವಾಯಿತು. ಬೆಂಗಳೂರಿನ ಶ್ರೀರಾಮಪುರದ ಕಡೆ ಒಂದು ಕನ್ನಡ ಮಾಧ್ಯಮ ಶಾಲೆ ನಮ್ಮದು. ಮೊದಲ ಐದಾರು ವರ್ಷ ನಾನೂ ಎಲ್ಲರ ಹಾಗೆ ಉಸಿರಾಟ ಒಂದು ವಾರ, ರಕ್ತ ಪರಿಚಲನೆ ಇನ್ನೊಂದು ವಾರ ಅಂತ ಪಾಠ ಮಾಡುತ್ತಿದ್ದೆ. ಮಕ್ಕಳು ಚಿತ್ರ ಚೆನ್ನಾಗಿಯೇ ಬರೆಯುತ್ತಿದ್ದರು. ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು. ಆದರೆ, "ಶ್ವಾಸಕೋಶಕ್ಕೆ ಹೋದ ರಕ್ತ ಮತ್ತೆ ಹೃದಯಕ್ಕೇ ಯಾಕೆ ವಾಪಸ್ ಬರಬೇಕು? ಅಲ್ಲಿಂದಲೇ ಮೈಗೆಲ್ಲ ಹೋಗಬಹುದಿತ್ತಲ್ವಾ?" ಅಂತ ಕೇಳಿದರೆ ಇಡೀ ಕ್ಲಾಸು ಸುಮ್ಮನಾಗುತ್ತಿತ್ತು. ಅದು ನನಗೆ ತುಂಬಾ ಕಾಡಿತು. ಕುರಿಯ ಗುಂಡಿಗೆ, ಶ್ವಾಸಕೋಶ ತಂದು ತೋರಿಸೋಣ ಅನ್ನಿಸಿದ್ದು ಆಗಲೇ.

ಮುಖ್ಯೋಪಾಧ್ಯಾಯಿನಿಯವರ ಒಪ್ಪಿಗೆ ತೆಗೆದುಕೊಂಡೆ. ಮನೆಗಳಿಗೆ ಚೀಟಿ ಕಳಿಸಿದೆ. ನೋಡಲು ಇಷ್ಟವಿಲ್ಲದ ಮಕ್ಕಳು ಆ ಹೊತ್ತು ಲೈಬ್ರರಿಯಲ್ಲಿ ಕೂರಬಹುದು, ಯಾರನ್ನೂ ಬಲವಂತ ಮಾಡುವುದಿಲ್ಲ ಅಂತ ಬರೆದಿದ್ದೆ. ಇವತ್ತಿಗೂ ಅದೇ ನಿಯಮ.

ಮೊದಲ ಸಲ ಏನೂ ಸರಿಹೋಗಲಿಲ್ಲ. ಮಟನ್ ಅಂಗಡಿಯವರು ಅಭ್ಯಾಸದಂತೆ ಗುಂಡಿಗೆಯ ಮೇಲ್ಭಾಗ ಕತ್ತರಿಸಿ, ಸೀಳಿ, ತೊಳೆದು ಕೊಟ್ಟಿದ್ದರು. ರಕ್ತನಾಳಗಳೇ ಇರಲಿಲ್ಲ. ಶ್ವಾಸಕೋಶಕ್ಕೆ ಚಾಕು ತಾಗಿತ್ತು, ಎಷ್ಟು ಗಾಳಿ ಊದಿದರೂ ಬುಸ್ ಅಂತ ಹೊರಗೆ ಬರುತ್ತಿತ್ತು. ಆಮೇಲಿಂದ ಹಿಂದಿನ ದಿನವೇ ಹೋಗಿ ಹೇಳಿ ಬರುತ್ತೇನೆ: "ಅಣ್ಣಾ, ಗಂಟಲ ಕೊಳವೆ, ಶ್ವಾಸಕೋಶ, ಗುಂಡಿಗೆ ಮೂರೂ ಬೇರೆ ಮಾಡಬೇಡಿ. ಎಲ್ಲೂ ಚಾಕು ತಾಗಿಸಬೇಡಿ." "ಬೆಳಿಗ್ಗೆ ಆರಕ್ಕೇ ಬಂದ್ಬಿಡಿ ಮೇಡಂ," ಅನ್ನುತ್ತಾರೆ. ಸ್ಟೀಲ್ ಡಬ್ಬಿಯಲ್ಲಿ ಐಸ್ ಹಾಕಿ ತರುತ್ತೇನೆ.

ಪಾಠ ಶುರುವಾಗುವುದು ಸೈಕಲ್ ಪಂಪಿನಿಂದ. ಬಾಯಿಂದ ಊದುವುದು ಬೇಡವೇ ಬೇಡ. ಕೊಳವೆಯೊಳಗೆ ರಬ್ಬರ್ ಪೈಪ್ ತೂರಿಸಿ, ದಾರದಿಂದ ಬಿಗಿಯಾಗಿ ಕಟ್ಟಿ, ನಿಧಾನವಾಗಿ ಒತ್ತಬೇಕು. ಮುದುಡಿ ಬಿದ್ದಿದ್ದ ಕಂದು ಮುದ್ದೆ ಉಬ್ಬುತ್ತಾ ತಿಳಿ ಗುಲಾಬಿಗೆ ತಿರುಗುತ್ತದೆ. ಆ ಕ್ಷಣ ಮಕ್ಕಳ ಬಾಯಿಂದ ಬರುವ ಉದ್ಗಾರಕ್ಕೋಸ್ಕರವೇ ನಾನು ಪ್ರತಿವರ್ಷ ಆರು ಗಂಟೆಗೆ ಎದ್ದು ಹೋಗುವುದು. ಪಂಪು ಬಿಟ್ಟರೆ ಅದು ತಾನಾಗಿಯೇ ಕುಗ್ಗುತ್ತದೆ, ರಬ್ಬರಿನ ಹಾಗೆ. ಶ್ವಾಸಕೋಶಕ್ಕೆ ತಾನೇ ಹಿಗ್ಗುವ ಸ್ನಾಯು ಇಲ್ಲ. ಎದೆಯ ಕೆಳಗಿನ ಸ್ನಾಯುವಿನ ಪರದೆ, ಅಂದರೆ ವಪೆ, ಇಳಿದು, ಪಕ್ಕೆಲುಬುಗಳು ಮೇಲೆದ್ದು ಎದೆಗೂಡು ದೊಡ್ಡದಾದಾಗ ಗಾಳಿ ಒಳಗೆ ಬರುತ್ತದೆ. ಸುಮ್ನೆ ಕೂತಿದ್ದಾಗ ಒಂದು ಉಸಿರಿಗೆ ಅರ್ಧ ಲೀಟರಿನಷ್ಟು.

ಶ್ವಾಸಕೋಶದ ಒಂದು ತುಂಡು ಕತ್ತರಿಸಿ ನೀರಿಗೆ ಹಾಕಿದರೆ ತೇಲುತ್ತದೆ. ಗಾಳಿಗೂಡುಗಳಲ್ಲಿ ಇನ್ನೂ ಗಾಳಿ ಉಳಿದಿರುತ್ತದೆ. ಮನುಷ್ಯರ ಎರಡೂ ಶ್ವಾಸಕೋಶ ಸೇರಿ ಇಂಥ ಗೂಡು 30 ಕೋಟಿಗೂ ಜಾಸ್ತಿ. ಎಲ್ಲ ಬಿಚ್ಚಿ ಹಾಸಿದರೆ ಸುಮಾರು 70 ಚದರ ಮೀಟರ್. ಈ ಲೆಕ್ಕ ಬೆಂಗಳೂರಿನ ಮಕ್ಕಳಿಗೆ ಹೇಳುವುದು ಸುಲಭ. ಮನೆಯಲ್ಲಿ ದಿನಾ ಸೈಟಿನ ಮಾತು ಕೇಳಿರುತ್ತಾರೆ. 20/30 ಅಡಿ ಸೈಟಿಗಿಂತ ದೊಡ್ಡ ಜಾಗ ನಿಮ್ಮ ಎದೆಯೊಳಗೇ ಮಡಚಿ ಇಟ್ಟಿದೆ ಅಂದರೆ ಎಲ್ಲರೂ ಎದೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಆಮೇಲೆ ಗುಂಡಿಗೆ. ನನ್ನ ಮಟ್ಟಿಗೆ ಇಡೀ ಪಾಠ ಇಲ್ಲಿದೆ. ಕೆಳಗಿನ ಎರಡು ಕೋಣೆಗಳನ್ನು, ಅಂದರೆ ಹೃತ್ಕುಕ್ಷಿಗಳನ್ನು, ಉದ್ದಕ್ಕೆ ಸೀಳುತ್ತೇನೆ. ಒಬ್ಬೊಬ್ಬರೂ ಗ್ಲೌಸ್ ಹಾಕಿಕೊಂಡು, ಎರಡು ಬೆರಳಲ್ಲಿ ಎರಡೂ ಗೋಡೆ ಹಿಸುಕಿ ನೋಡಬೇಕು. ಬಲಗಡೆಯದು ಮೆತ್ತಗೆ, ತೆಳು. ಎಡಗಡೆಯದು ಗಟ್ಟಿ, ಹೆಚ್ಚುಕಡಿಮೆ ಮೂರು ಪಟ್ಟು ದಪ್ಪ. "ಯಾಕೆ ಮಿಸ್ ಹೀಗೆ?" ಅಂತ ಅವರೇ ಕೇಳುತ್ತಾರೆ. ನಾನು ಕಾಯುವುದು ಆ ಪ್ರಶ್ನೆಗೇ.

ಬಲಗಡೆಯದು ಪಕ್ಕದ ಮನೆಗೆ ಕಳಿಸುವ ಕೆಲಸ ಮಾಡುತ್ತದೆ, ಶ್ವಾಸಕೋಶ ಅಲ್ಲೇ ಇದೆ. ಎಡಗಡೆಯದು ತಲೆಯಿಂದ ಕಾಲಿನ ಹೆಬ್ಬೆರಳವರೆಗೆ ಕಳಿಸಬೇಕು. ಇನ್ನೂ ಮುಖ್ಯವಾದ ಕಾರಣ ಒಂದಿದೆ. ಗಾಳಿಗೂಡಿನ ಸುತ್ತ ಇರುವ ಲೋಮನಾಳಗಳ, ಅಂದರೆ ಕೂದಲಿಗಿಂತ ಸಣ್ಣ ರಕ್ತನಾಳಗಳ, ಗೋಡೆ ಅತಿ ತೆಳು. ತೆಳುವಾಗಿದ್ದರೇ ಆಮ್ಲಜನಕ ಒಳಗೆ, ಇಂಗಾಲದ ಡೈಆಕ್ಸೈಡ್ ಹೊರಗೆ ದಾಟಲು ಸಾಧ್ಯ. ಅಲ್ಲಿಗೆ ಜೋರಾಗಿ ರಕ್ತ ನುಗ್ಗಿಸಿದರೆ ನೀರಿನಂಶ ಗೂಡಿನೊಳಗೆ ಒಸರುತ್ತದೆ, ಉಸಿರೇ ಕಟ್ಟುತ್ತದೆ. ಅದಕ್ಕೇ ಮೈಯ ಬಿಪಿ 120 ಇದ್ದರೆ ಶ್ವಾಸಕೋಶದ ಕಡೆ ಸುಮಾರು 25 ಅಷ್ಟೇ. ಆ ಸಣ್ಣ ನಾಳಗಳನ್ನೆಲ್ಲ ದಾಟಿದ ಮೇಲೆ ರಕ್ತದ ರಭಸ ಇನ್ನೂ ಇಳಿದಿರುತ್ತದೆ. ಆ ರಭಸದಲ್ಲಿ ಅದು ಮೆದುಳಿಗೆ ಏರಲಾರದು. ಹಾಗಾಗಿ ಗುಂಡಿಗೆಗೆ ವಾಪಸ್ ಬಂದು, ಇನ್ನೊಂದು ಸಲ ತಳ್ಳಿಸಿಕೊಂಡು ಹೋಗುತ್ತದೆ. ಪುಸ್ತಕದಲ್ಲಿ ಇಮ್ಮಡಿ ಪರಿಚಲನೆ ಅಂತ ಇರುವುದು ಇದೇ. ಮೀನಿನಲ್ಲಿ ರಕ್ತ ಕಿವಿರು ದಾಟಿ ನೇರ ಮೈಗೆ ಹೋಗುತ್ತದೆ. ಅದಕ್ಕೆ ಅಷ್ಟು ಸಾಕು, ಬಿಸಿರಕ್ತದ ನಮಗೆ ಸಾಲದು.

ಕೆಲವೊಮ್ಮೆ ಎರಡು ಗುಂಡಿಗೆ ತರುತ್ತೇನೆ, ಒಂದನ್ನು ಸೀಳದೆ ಇಡಲು. ಎಡಗಡೆಯಿಂದ ಮೈಗೆಲ್ಲ ರಕ್ತ ಒಯ್ಯುವ ಅದರ ದೊಡ್ಡ ನಾಳಕ್ಕೆ, ಅಂದರೆ ಮಹಾಪಧಮನಿಗೆ, ಲೋಟದಿಂದ ನೀರು ಸುರಿದರೆ ಒಳಗೆ ಇಳಿಯುವುದೇ ಇಲ್ಲ. ಬಗ್ಗಿ ನೋಡಿದರೆ ಮೂರು ಪುಟ್ಟ ಜೇಬುಗಳು ನೀರು ತುಂಬಿಕೊಂಡು ಒಂದಕ್ಕೊಂದು ಒತ್ತಿ ಮುಚ್ಚಿರುತ್ತವೆ. ಕವಾಟ ಅಂದರೆ ಅದು. ಲಬ್‌-ಡಬ್ ಸದ್ದು ಇಂಥ ಕವಾಟಗಳು ಮುಚ್ಚಿಕೊಳ್ಳುವಾಗ ಬರುವುದು.

ಚಿತ್ರದಲ್ಲಿ ಬಳಿಯುವ ನೀಲಿ ಬಣ್ಣದ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ರಕ್ತ ಎಲ್ಲೂ ನೀಲಿ ಇಲ್ಲ. ಆಮ್ಲಜನಕ ಕಮ್ಮಿ ಆದರೆ ಕಡುಗೆಂಪು, ಅಷ್ಟೇ.

ಕೊನೆಗೆ ಬೋರ್ಡ್ ಮೇಲೆ ಒಂದು ಗುಣಾಕಾರ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ. ಐದು ಲೀಟರ್ ಆಯಿತು. ದೊಡ್ಡವರ ಮೈಯಲ್ಲಿ ಇರುವ ರಕ್ತವೇ ಅಷ್ಟು, ಮನೆಯ ಐದು ಲೀಟರ್ ಕುಕ್ಕರ್ ತುಂಬ. ಅಂದರೆ ನಿಮಿಷಕ್ಕೊಂದು ಸುತ್ತು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಇಂಥದೇ ಲೆಕ್ಕ ಹಾಕಿ, ಇಷ್ಟೊಂದು ರಕ್ತ ಹೊಸದಾಗಿ ಹುಟ್ಟಲು ಸಾಧ್ಯವಿಲ್ಲ, ಇದ್ದದ್ದೇ ಸುತ್ತುತ್ತಿದೆ ಅಂತ ತೋರಿಸಿದರು. ಆದರೆ ಗುಂಡಿಗೆಯಿಂದ ರಕ್ತ ಒಯ್ಯುವ ಅಪಧಮನಿಯಿಂದ, ವಾಪಸ್ ತರುವ ಅಭಿಧಮನಿಗೆ ಅದು ದಾಟುವ ದಾರಿ ಅವರ ಕಣ್ಣಿಗೆ ಬೀಳಲಿಲ್ಲ. 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪೀಗಿ ಸೂಕ್ಷ್ಮದರ್ಶಕದಲ್ಲಿ ಲೋಮನಾಳಗಳನ್ನು ಕಂಡರು, ಅದೂ ಕಪ್ಪೆಯ ಶ್ವಾಸಕೋಶದಲ್ಲೇ. ಎರಡು ಪಾಠಗಳು ಕೂಡುವ ಜಾಗ ಅದು. ಈಗ ನಾನು ಅವನ್ನು ಬೇರೆ ಬೇರೆ ವಾರ ಮಾಡುವುದಿಲ್ಲ.

ಈ ವರ್ಷ ಲೈಬ್ರರಿಯಲ್ಲಿ ಕೂತಿದ್ದ ಒಬ್ಬ ಹುಡುಗಿ, ಎಲ್ಲ ಮುಗಿದು ನಾನು ಟ್ರೇ ತೊಳೆಯುವಾಗ ಬಾಗಿಲ ಹತ್ತಿರ ಬಂದು ನಿಂತಳು. "ಮಿಸ್, ನಮ್ಮಕ್ಕ ಬಸುರಿ. ಹೊಟ್ಟೆಯಲ್ಲಿರೋ ಪಾಪು ಉಸಿರಾಡಲ್ಲ ಅಲ್ವಾ? ಹಾಗಾದ್ರೆ ಅದರ ರಕ್ತ ಶ್ವಾಸಕೋಶಕ್ಕೆ ಯಾಕೆ ಹೋಗಬೇಕು?" ಹೆಚ್ಚಿನದು ಹೋಗುವುದೇ ಇಲ್ಲ ಅಂದೆ. ಮೇಲಿನ ಎರಡು ಕೋಣೆಗಳ ನಡುವೆ ಆಗ ಒಂದು ಕಿಂಡಿ ಇರುತ್ತದೆ, ರಕ್ತ ಅಡ್ಡದಾರಿಯಲ್ಲಿ ದಾಟಿಬಿಡುತ್ತದೆ. ಮಗು ಹುಟ್ಟಿ ಮೊದಲ ಉಸಿರು ತೆಗೆದುಕೊಂಡಾಗ ಎಡಗಡೆಯ ಒತ್ತಡ ಜಾಸ್ತಿಯಾಗಿ ಆ ಕಿಂಡಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. "ಗುರುತು ಇರುತ್ತಾ?" ಅಂದಳು. ಗುಂಡಿಗೆಯ ಮೇಲಿನ ಬಲಕೋಣೆಯನ್ನು, ಅಂದರೆ ಬಲ ಹೃತ್ಕರ್ಣವನ್ನು, ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ನಡುಗೋಡೆಯಲ್ಲಿ ಉಗುರಿನಷ್ಟು ಜಾಗ ತಗ್ಗಾಗಿ, ತೆಳುವಾಗಿ, ಬೆಳಕು ಒಂಚೂರು ಹಾಯುತ್ತಿತ್ತು. ಅವಳು ಒಳಗೆ ಬಂದು ಗ್ಲೌಸ್ ಕೇಳಿದಳು.