ತಾಳಿ ಕಟ್ಟುವ ಹೊತ್ತಿಗೇ ನಿಲ್ಲುತ್ತಿದ್ದ ಡಿವಿಡಿ

2008ರ ಸುಮಾರಿಗೆ ನಾನು ಮದುವೆ ವಿಡಿಯೋ ತೆಗೆಯುತ್ತಿದ್ದೆ. ಮಿನಿ ಡಿವಿ ಟೇಪಿನಲ್ಲಿ ಶೂಟಿಂಗ್, ಮನೆಯ ಕಂಪ್ಯೂಟರಿನಲ್ಲೇ ಎಡಿಟಿಂಗ್, ಆಮೇಲೆ ಡಿವಿಡಿ ಬರೆದು ಕೊಡುವುದು. ಒಮ್ಮೆ ಡಿಸ್ಕ್ ಕೊಟ್ಟ ಮಾರನೇ ದಿನವೇ ಹುಡುಗಿಯ ಅಣ್ಣ ಫೋನ್ ಮಾಡಿದರು. "ಸಾರ್, ತಾಳಿ ಕಟ್ಟೋ ಹೊತ್ತಿಗೇ ನಿಂತು ನಿಂತು ಬರ್ತಿದೆ. ಅಮ್ಮ ತುಂಬಾ ಬೇಜಾರು ಮಾಡ್ಕೊಂಡಿದ್ದಾರೆ."

ನನ್ನ ಕಂಪ್ಯೂಟರಿನಲ್ಲಿ ಎಲ್ಲೂ ತಡೆಯುತ್ತಿರಲಿಲ್ಲ. ಅವರ ಪ್ಲೇಯರ್ ಸರಿಯಿಲ್ಲ ಅಂದುಬಿಡಬಹುದಿತ್ತು. ಆದರೆ ಅದೇ ಪ್ಲೇಯರಿನಲ್ಲಿ ಅಂಗಡಿಯಿಂದ ತಂದ ಸಿನಿಮಾ ಚೆನ್ನಾಗಿ ಓಡುತ್ತಿತ್ತು. ಹಾಗಾಗಿ ಅವರ ಮನೆಗೇ ಹೋಗಿ ಕೂತು ಪೂರ್ತಿ ನೋಡಿದೆ. ಎಲ್ಲಿ ತಡೆಯುತ್ತದೋ ಆ ನಿಮಿಷ, ಸೆಕೆಂಡು ಬರೆದುಕೊಂಡೆ. ಕೊನೆಗೆ ದಾರಿ ತೋರಿಸಿದ್ದು ಆ ಚೀಟಿಯೇ.

22ನೇ ನಿಮಿಷ, ಅಕ್ಷತೆ ಬೀಳುವ ಹೊತ್ತು: ಚಿತ್ರ ಗಕ್ಕನೆ ನಿಂತಿತು. ಪಕ್ಕದ ಮನೆಯ ಪ್ಲೇಯರಿನಲ್ಲಿ ಹಾಕಿದರೆ ಅದೇ ಜಾಗ. ಎರಡು ಪ್ಲೇಯರ್ ಒಂದೇ ಕಡೆ ಎಡವಿದರೆ ತಪ್ಪು ಫೈಲಿನಲ್ಲೇ ಇರಬೇಕು, ಅಲ್ವಾ?

ಲೆಕ್ಕ ಹಾಕಿ ನೋಡಿದೆ. ಡಿವಿಡಿ ವಿಡಿಯೋದಲ್ಲಿ ಚಿತ್ರ, ಧ್ವನಿ ಎಲ್ಲಾ ಸೇರಿ ಸೆಕೆಂಡಿಗೆ ಓದಬೇಕಾದ ಮಾಹಿತಿ 10,080 ಕಿಲೋಬಿಟ್ ದಾಟಬಾರದು. ಚಿತ್ರ ಚೆನ್ನಾಗಿರಲಿ ಅಂತ ನಾನು ಸರಾಸರಿ 7,500, ಗರಿಷ್ಠ 9,000 ಇಟ್ಟಿದ್ದೆ. ಧ್ವನಿಯನ್ನು ಪಿಸಿಎಂನಲ್ಲಿ, ಅಂದರೆ ಕುಗ್ಗಿಸದೆ ಹಾಗೇ ಬಿಟ್ಟಿದ್ದೆ, ಅದೇ 1,536. ಕೂಡಿಸಿದರೆ 10,536! ಉಳಿದ ಕಡೆ ಗರಿಷ್ಠದ ಹತ್ತಿರವೂ ಹೋಗುತ್ತಿರಲಿಲ್ಲ. ಅಕ್ಷತೆ ಬೀಳುವಾಗ ಮಾತ್ರ ಪರದೆ ತುಂಬಾ ನೂರಾರು ಕಾಳು, ಮೇಲಿಂದ ಫ್ಲ್ಯಾಶ್ ಬೆಳಕು. ಹಿಂದಿನ ಫ್ರೇಮಿಗೂ ಮುಂದಿನದಕ್ಕೂ ಹೋಲಿಕೆಯೇ ಇರುವುದಿಲ್ಲ. ಡಿವಿಡಿಯ ಎಂಪೆಗ್-2 ವಿಧಾನ ಮುಖ್ಯವಾಗಿ ಫ್ರೇಮಿನಿಂದ ಫ್ರೇಮಿಗೆ ಆದ ಬದಲಾವಣೆಯನ್ನು ಬರೆದೇ ಚಿತ್ರವನ್ನು ಕುಗ್ಗಿಸುತ್ತದೆ. ಅದಕ್ಕೆ ಇದಕ್ಕಿಂತ ಕಷ್ಟದ ದೃಶ್ಯ ಇಲ್ಲವೆಂದೇ ನನ್ನ ಅನಿಸಿಕೆ. ಕಂಪ್ಯೂಟರಿಗೆ ಮೆಮೊರಿ ಜಾಸ್ತಿ, ಮುಂಚೆಯೇ ಓದಿಟ್ಟುಕೊಳ್ಳುತ್ತದೆ. ಮನೆಯ ಪ್ಲೇಯರಿಗೆ ಆ ಅನುಕೂಲ ಕಡಿಮೆ.

ಧ್ವನಿಯನ್ನು ಕುಗ್ಗಿಸಿ 224 ಕಿಲೋಬಿಟ್‌ನ ಡಾಲ್ಬಿ ಡಿಜಿಟಲ್‌ಗೆ ಬದಲಾಯಿಸಿದೆ. ಚಿತ್ರದ ಗರಿಷ್ಠವನ್ನು 8,000ಕ್ಕೆ ಇಳಿಸಿದೆ. ತಾಳಿ ಕಟ್ಟುವ ದೃಶ್ಯ ಸರಾಗವಾಗಿ ಬಂತು. ಆ ತಾಯಿ ಅದನ್ನು ಎರಡು ಸಲ ಹಿಂದಕ್ಕೆ ಹಾಕಿಸಿ ನೋಡಿದರು.

ಚೀಟಿಯಲ್ಲಿ ಇನ್ನೊಂದು ಸಾಲಿತ್ತು. 55ನೇ ನಿಮಿಷದಿಂದ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು, ಅದೂ ಇವರ ಪ್ಲೇಯರಿನಲ್ಲಿ ಮಾತ್ರ. ಹೊಸ ಡಿಸ್ಕಿನಲ್ಲೂ ಅದು ಹೋಗಲಿಲ್ಲ. ಇದು ಫೈಲಿನ ತಪ್ಪಲ್ಲ, ಬರೆದ ರೀತಿಯದು. ಡಿಸ್ಕ್ ಒಳಗಿನಿಂದ ಹೊರಕ್ಕೆ ತುಂಬುತ್ತಾ ಹೋಗುತ್ತದೆ. 65 ನಿಮಿಷದ ವಿಡಿಯೋದ ಕೊನೆ ಹೊರಭಾಗದಲ್ಲಿ ಬೀಳುತ್ತದೆ. 16 ಎಕ್ಸ್ (ಡಿವಿಡಿಯ ಮೂಲ ವೇಗದ 16 ಪಟ್ಟು) ಅಂತ ಹಾಕಿದರೂ ಡಿಸ್ಕ್ ಬರೆಯುವ ಬರ್ನರ್ ಆ ವೇಗ ಮುಟ್ಟುವುದು ಹೊರಗೆ ಹೋದಂತೆ. ತಪ್ಪುಗಳು ಹೆಚ್ಚುವುದೂ ಅಲ್ಲೇ. ಜೊತೆಗೆ ನಾನು ಗಂಡು ಹೆಣ್ಣಿನ ಫೋಟೋ ಇರುವ ಕಾಗದದ ಸ್ಟಿಕ್ಕರ್ ಬೇರೆ ಅಂಟಿಸಿದ್ದೆ. ಕೂದಲೆಳೆಯಷ್ಟು ಓರೆಯಾದರೂ ಡಿಸ್ಕ್ ತಿರುಗುವಾಗ ಅದುರುತ್ತದೆ. ಒಳ್ಳೆಯ ಡಿಸ್ಕ್ ತಂದು 8 ಎಕ್ಸ್‌ನಲ್ಲಿ ಬರೆದೆ, ಸ್ಟಿಕ್ಕರ್ ಅಂಟಿಸುವುದನ್ನೂ ಬಿಟ್ಟೆ. ತೀರಾ ನಿಧಾನ ಮಾಡಿದರೆ ಇನ್ನೂ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. 16 ಎಕ್ಸ್ ಡಿಸ್ಕುಗಳ ಮಟ್ಟಿಗೆ ನನಗೆ ಹಾಗನ್ನಿಸಲಿಲ್ಲ.

ಇದೆಲ್ಲಾ ಆದ ಮೇಲೆ ಇನ್ನೊಂದು ಮದುವೆಯಲ್ಲಿ ಬೇರೆಯೇ ತೊಂದರೆ. ದಿಬ್ಬಣದಲ್ಲಿ ಜನ ನಡೆಯುವಾಗ ಮುಂದೆ ಹಿಂದೆ ಜಗ್ಗಿದ ಹಾಗೆ ಕಾಣುತ್ತಿತ್ತು, ಮೊದಲಿಂದ ಕೊನೆಯವರೆಗೂ. ನಿಂತ ಚಿತ್ರ ಮಾತ್ರ ಚೆನ್ನಾಗಿತ್ತು. ಅದು ಫೀಲ್ಡ್ ಆರ್ಡರ್ ತಪ್ಪು. ಪ್ರತಿ ಫ್ರೇಮೂ ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಕಂತಾಗಿ ಬರುತ್ತದೆ, ಆ ಕಂತೇ ಫೀಲ್ಡ್. ಡಿವಿ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಅದನ್ನು ಡಿವಿಡಿಗೆ ಪರಿವರ್ತಿಸುವ ಎನ್‌ಕೋಡರಿನಲ್ಲಿ ನಾನು ಮೇಲಿನದು ಮೊದಲು ಅಂತ ಕೊಟ್ಟುಬಿಟ್ಟಿದ್ದೆ. ಕಂಪ್ಯೂಟರ್ ಎರಡನ್ನೂ ಬೆರೆಸಿ ತೋರಿಸುತ್ತಿದ್ದರಿಂದ ನನಗೆ ತಿಳಿಯಲಿಲ್ಲ. ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಎದ್ದು ಕಂಡಿತು. ಆ ಒಂದು ಸೆಟ್ಟಿಂಗ್ ತಿದ್ದಿ ಮತ್ತೆ ಎನ್‌ಕೋಡ್ ಮಾಡಿದೆ, ಅಷ್ಟೇ.

ಅಲ್ಲಿಂದ ಮುಂದೆ ಹಳೆಯ ಪ್ಲೇಯರ್ ಒಂದನ್ನೂ ಟ್ಯೂಬ್ ಟಿವಿಯನ್ನೂ ಕೆಲಸದ ಕೋಣೆಯಲ್ಲೇ ಇಟ್ಟುಕೊಂಡೆ. ಡಿಸ್ಕ್ ಕೊಡುವ ಮುಂಚೆ ಅದರಲ್ಲಿ ಮೂರು ಕಡೆ ನೋಡುತ್ತಿದ್ದೆ: ದಿಬ್ಬಣ, ಅಕ್ಷತೆ, ಕೊನೆಯ ಐದು ನಿಮಿಷ.